ಮೊದಲ ಡಿಎಸ್‌ಎಲ್‌ಆರ್ ಮತ್ತು ನಡುಗುವ ಕೈ: ಇಮೇಜ್ ಸ್ಟೆಬಿಲೈಸೇಶನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಸಾಕು, ಯಾರಾದರೊಬ್ಬರು ಹತ್ತಿರ ಬಂದು, "ಮಗಳಿಗೆ ಒಂದು ಡಿಎಸ್‌ಎಲ್‌ಆರ್ ಕೊಡಿಸಬೇಕು, ಯಾವುದು ಒಳ್ಳೆಯದು?" ಎಂದು ಕೇಳುತ್ತಾರೆ. ಎಷ್ಟು ಮೆಗಾಪಿಕ್ಸೆಲ್ ಎಂಬುದು ಎರಡನೆಯ ಪ್ರಶ್ನೆ. ಸ್ಟೆಬಿಲೈಸೇಶನ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿದವರನ್ನು ನಾನು ಕಂಡದ್ದು ತೀರಾ ಕಡಿಮೆ. ಕೊಂಡು ಮೂರು ತಿಂಗಳಾದ ಮೇಲೆ ಮಸುಕು ಚಿತ್ರಗಳನ್ನು ಮುಂದೆ ಹಿಡಿದು ಕೇಳುವವರು ಮಾತ್ರ ಬೇಕಾದಷ್ಟು ಮಂದಿ. ಅವರು ಕೇಳಿದ್ದು, ನಾನು ಹೇಳಿದ್ದು ಇಲ್ಲಿದೆ.

ಇಮೇಜ್ ಸ್ಟೆಬಿಲೈಸೇಶನ್ ಎಂದರೆ ಏನು?

ಚಿತ್ರ ತೆಗೆಯುವಾಗ ನಿಮ್ಮ ಕೈ ಅಲುಗಿದರೆ, ಆ ಅಲುಗಾಟ ಚಿತ್ರಕ್ಕೆ ಇಳಿಯದಂತೆ ತಡೆಯುವ ಏರ್ಪಾಡು. ಅಷ್ಟೇ. "ನಿಮ್ಮ ಕೈ" ಎಂಬ ಮಾತನ್ನು ಗಟ್ಟಿಯಾಗಿ ನೆನಪಿಡಿ. ಮುಂದೆ ಬರುವ ಅರ್ಧಕ್ಕರ್ಧ ಪ್ರಶ್ನೆಗಳು ಅದನ್ನು ಮರೆತಿದ್ದರಿಂದ ಹುಟ್ಟಿದವು.

ನನ್ನ ಕೈ ನಡುಗುವುದಿಲ್ಲ. ನನಗೂ ಇದು ಬೇಕೇ?

ನಡುಗುತ್ತದೆ. ಆರೋಗ್ಯವಾಗಿರುವವರ ಕೈಯಲ್ಲೂ ಸೆಕೆಂಡಿಗೆ ಸುಮಾರು 8ರಿಂದ 12 ಸಲದ ಸಣ್ಣ ಕಂಪನ ಇದ್ದೇ ಇರುತ್ತದೆ. ಕಾಫಿ ಲೋಟ ಹಿಡಿದಾಗ ಅದು ಗೊತ್ತಾಗುವುದಿಲ್ಲ. ಆದರೆ 300 ಮಿ.ಮೀ. ಲೆನ್ಸಿನಲ್ಲಿ ಕೊಂಬೆಯ ತುದಿಯ ಮಿಂಚುಳ್ಳಿಯನ್ನು ನೋಡಿ, ಹಕ್ಕಿ ಉಯ್ಯಾಲೆಯಲ್ಲಿ ಕುಳಿತಂತೆ ಕಾಣುತ್ತದೆ. ಲೆನ್ಸು ಹಕ್ಕಿಯನ್ನು ಎಷ್ಟು ಹಿಗ್ಗಿಸುತ್ತದೆಯೋ ನಿಮ್ಮ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ.

ಫಿಲಂ ಕಾಲದಿಂದ ಬಂದ ಒಂದು ಲೆಕ್ಕವಿದೆ. ಫೋಕಲ್ ಲೆಂತ್ (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಂಕಿ; ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಎಷ್ಟಿದೆಯೋ, ಶಟರ್ ವೇಗ, ಅಂದರೆ ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು, ಸೆಕೆಂಡಿನ ಅಷ್ಟರಲ್ಲೊಂದು ಭಾಗಕ್ಕಿಂತ ನಿಧಾನವಾಗಬಾರದು; 50 ಮಿ.ಮೀ.ಗೆ 1/50 ಸೆಕೆಂಡ್, 200 ಮಿ.ಮೀ.ಗೆ 1/200. ಮೊದಲ ಸಲ ಕೊಳ್ಳುವವರ ಕೈಗೆ ಸಿಗುವ ಡಿಎಸ್‌ಎಲ್‌ಆರ್‌ಗಳಲ್ಲಿ ಸೆನ್ಸರ್ (ಫಿಲಂ ಜಾಗದಲ್ಲಿ ಕುಳಿತು ಬೆಳಕನ್ನು ಹಿಡಿಯುವ ಚಿಪ್) ಚಿಕ್ಕದು. ಹಾಗಾಗಿ ಫೋಕಲ್ ಲೆಂತನ್ನು ನಿಕಾನ್‌ನಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿಕೊಂಡು ಈ ಲೆಕ್ಕ ಹಾಕಬೇಕು. 300 ಮಿ.ಮೀ. ಲೆನ್ಸಿಗೆ ಹೆಚ್ಚುಕಡಿಮೆ 1/500 ಸೆಕೆಂಡ್ ಬೇಕಾಗುತ್ತದೆ. ಮೋಡ ಕವಿದ ಜುಲೈ ತಿಂಗಳಲ್ಲಿ ಮಲೆನಾಡಿನ ಕಾಡಿನೊಳಗೆ ಅಷ್ಟು ಬೆಳಕನ್ನು ಎಲ್ಲಿಂದ ತರುತ್ತೀರಿ?

ಒಳಗೆ ನಿಜವಾಗಿ ಏನು ನಡೆಯುತ್ತದೆ?

ಲೆನ್ಸಿನೊಳಗೆ ಗೈರೋ ಎಂಬ ಪುಟ್ಟ ಸಂವೇದಕಗಳಿರುತ್ತವೆ. ಕ್ಯಾಮೆರಾ ಮೇಲೆ ಕೆಳಗೆ ವಾಲಿತೇ, ಎಡಕ್ಕೆ ಬಲಕ್ಕೆ ತಿರುಗಿತೇ, ಎಷ್ಟು ಬೇಗ ತಿರುಗಿತು ಎಂಬುದನ್ನು ಅವು ಅಳೆಯುತ್ತಿರುತ್ತವೆ. ಲೆನ್ಸಿನ ಗಾಜುಗಳ ಸಾಲಿನಲ್ಲಿ ಒಂದು ಗುಂಪನ್ನು ಮಾತ್ರ ಬಿಗಿಯಾಗಿ ಕೂರಿಸದೆ ತೇಲುವಂತೆ ಬಿಟ್ಟಿರುತ್ತಾರೆ. ಕೈ ಒಂದು ಕಡೆ ಸರಿದ ಕೂಡಲೇ ಸುರುಳಿ ಮತ್ತು ಆಯಸ್ಕಾಂತದ ಬಲದಿಂದ ಆ ಗಾಜು ಪಕ್ಕಕ್ಕೆ ಸರಿದು, ಬೆಳಕು ಸೆನ್ಸರಿನ ಮೇಲೆ ಮೊದಲಿದ್ದ ಜಾಗದಲ್ಲೇ ಬೀಳುವಂತೆ ನೋಡಿಕೊಳ್ಳುತ್ತದೆ. ತಲೆಯ ಮೇಲೆ ಕೊಡ ಹೊತ್ತು ಏರುತಗ್ಗಿನ ದಾರಿಯಲ್ಲಿ ನಡೆಯುವವರನ್ನು ನೋಡಿದ್ದೀರಲ್ಲ? ಕಾಲು ಎಡವಿದರೂ ಕುತ್ತಿಗೆ ಅದನ್ನು ನುಂಗಿಕೊಳ್ಳುತ್ತದೆ, ನೀರು ತುಳುಕುವುದಿಲ್ಲ. ಇದೂ ಅಂಥದ್ದೇ ಕಸುಬು.

ಇನ್ನೊಂದು ಬಗೆಯಲ್ಲಿ ಗಾಜಿನ ಬದಲು ಸೆನ್ಸರ್ ತಾನೇ ಸರಿಯುತ್ತದೆ. ಆಗ ಈ ಏರ್ಪಾಡು ಇರುವುದು ಲೆನ್ಸಿನಲ್ಲಲ್ಲ, ಕ್ಯಾಮೆರಾದ ಬಾಡಿಯಲ್ಲಿ.

ಹಾಗಾದರೆ ಲೆನ್ಸಿನಲ್ಲಿರುವುದು ಒಳ್ಳೆಯದೋ, ಬಾಡಿಯಲ್ಲಿರುವುದೋ?

ಇದು ಹಳೆಯ ಜಗಳ. ಸ್ವಲ್ಪ ಚರಿತ್ರೆ ಗೊತ್ತಿದ್ದರೆ ಕೊಳ್ಳುವಾಗ ಅನುಕೂಲ.

ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಸ್ಟೆಬಿಲೈಸೇಶನ್ ಇರುವ ಮೊದಲ ಲೆನ್ಸನ್ನು ಕ್ಯಾನನ್ 1995ರಲ್ಲಿ ತಂದಿತು. ಅದು 75-300 ಮಿ.ಮೀ. ಝೂಮ್. ಆಗ ಕ್ಯಾಮೆರಾದೊಳಗೆ ಇದ್ದದ್ದು ಫಿಲಂ. ಫಿಲಂ ಸುರುಳಿಯನ್ನು ಅತ್ತಿತ್ತ ಅಲುಗಿಸಲು ಬರುವುದಿಲ್ಲವಾದ್ದರಿಂದ ಲೆನ್ಸಿನ ಗಾಜನ್ನು ಅಲುಗಿಸುವುದೊಂದೇ ದಾರಿಯಾಗಿತ್ತು. ನಿಕಾನ್ ಕೂಡ ಅದೇ ದಾರಿ ಹಿಡಿದು 2000ದಲ್ಲಿ ತನ್ನ 80-400 ಮಿ.ಮೀ. ಲೆನ್ಸನ್ನು ತಂದಿತು. ಫಿಲಂ ಹೋಗಿ ಸೆನ್ಸರ್ ಬಂದ ಮೇಲೆ ಕೊನಿಕಾ ಮಿನೋಲ್ಟಾ ಕಂಪನಿ ಬೇರೆ ಯೋಚನೆ ಮಾಡಿತು. ಸೆನ್ಸರನ್ನೇ ಅಲುಗಿಸುವ ಮೊದಲ ಡಿಎಸ್‌ಎಲ್‌ಆರ್ 2004ರಲ್ಲಿ ಬಂದದ್ದು ಅವರಿಂದ. 2006ರಲ್ಲಿ ಆ ಕ್ಯಾಮೆರಾ ವ್ಯವಹಾರ ಸೋನಿಯ ಪಾಲಾಯಿತು. ಪೆಂಟಾಕ್ಸ್ ಮತ್ತು ಒಲಿಂಪಸ್ ಕೂಡ ಬಾಡಿಯ ದಾರಿಯನ್ನೇ ಆರಿಸಿಕೊಂಡವು.

ಬಾಡಿಯಲ್ಲಿದ್ದರೆ ಯಾವ ಲೆನ್ಸ್ ಹಾಕಿದರೂ, ಚಿಕ್ಕಪ್ಪನ ಪೆಟ್ಟಿಗೆಯಿಂದ ಹೊರಬಂದ ಮೂವತ್ತು ವರ್ಷದ ಹಳೆಯ ಲೆನ್ಸ್ ಹಾಕಿದರೂ, ಅದರ ಪ್ರಯೋಜನ ಸಿಗುತ್ತದೆ. ಫೋಕಲ್ ಲೆಂತ್ ಎಷ್ಟೆಂದು ಕ್ಯಾಮೆರಾಗೆ ನೀವೇ ತಿಳಿಸಬೇಕಾಗಬಹುದು, ಅಷ್ಟೇ ಕೆಲಸ. ಲೆನ್ಸಿನಲ್ಲಿದ್ದರೆ ಪ್ರತಿ ಲೆನ್ಸಿಗೂ ಬೇರೆಯಾಗಿ ಹಣ ಕೊಡಬೇಕು. ಆದರೆ ಅದಕ್ಕೊಂದು ದೊಡ್ಡ ಲಾಭವಿದೆ: ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ನೀವು ನೋಡುವುದು ಲೆನ್ಸಿನ ಮೂಲಕ ಬಂದ ಬೆಳಕನ್ನೇ. ಆದ್ದರಿಂದ ಚಿತ್ರ ಸ್ಥಿರವಾದದ್ದು ಕಣ್ಣಿಗೇ ಕಾಣುತ್ತದೆ. ಉದ್ದ ಲೆನ್ಸಿನಲ್ಲಿ ಹಕ್ಕಿಯನ್ನು ಚೌಕಟ್ಟಿನೊಳಗೆ ಹಿಡಿದಿಡಲು ಇದು ಬಹಳ ಸಹಾಯ. ಸೆನ್ಸರ್ ಅಲುಗುವ ಡಿಎಸ್‌ಎಲ್‌ಆರ್‌ನಲ್ಲಿ ಕಿಂಡಿಯೊಳಗಿನ ದೃಶ್ಯ ಕುಣಿಯುತ್ತಲೇ ಇರುತ್ತದೆ, ತೆಗೆದ ಚಿತ್ರ ಮಾತ್ರ ಸ್ಥಿರವಾಗಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ವಾಸ್ತವದ ಮಾತು: ಕ್ಯಾನನ್ ಮತ್ತು ನಿಕಾನ್‌ಗಳು ತಮ್ಮ ಯಾವ ಡಿಎಸ್‌ಎಲ್‌ಆರ್ ಬಾಡಿಯಲ್ಲೂ ಸೆನ್ಸರ್ ಅಲುಗಿಸುವ ಏರ್ಪಾಡನ್ನು ಇಡಲೇ ಇಲ್ಲ. ನಮ್ಮ ಊರುಗಳ ಅಂಗಡಿಗಳಲ್ಲಿ ಪೆಂಟಾಕ್ಸ್ ಕಾಣುವುದು ಅಪರೂಪ. ಹೀಗಾಗಿ ಹೆಚ್ಚಿನವರ ಪಾಲಿಗೆ ಪ್ರಶ್ನೆ ತಾನಾಗಿಯೇ ತೀರ್ಮಾನವಾಗಿದೆ. ಬಾಡಿಯ ಪೆಟ್ಟಿಗೆಯ ಮೇಲೆ ಸ್ಟೆಬಿಲೈಸೇಶನ್ ಹುಡುಕಬೇಡಿ. ಲೆನ್ಸಿನ ಮೈಮೇಲೆ ಹುಡುಕಿ.

ಲೆನ್ಸಿನ ಮೇಲೆ ಏನೆಂದು ಬರೆದಿರುತ್ತದೆ?

ಒಂದೇ ಕೂಸಿಗೆ ಮನೆಗೊಂದು ಹೆಸರು. ಕ್ಯಾನನ್‌ನವರು ಐಎಸ್ ಎನ್ನುತ್ತಾರೆ, ನಿಕಾನ್‌ನವರು ವಿಆರ್. ಸಿಗ್ಮಾದಲ್ಲಿ ಓಎಸ್, ಟ್ಯಾಮ್ರಾನ್‌ನಲ್ಲಿ ವಿಸಿ. ಪೆಂಟಾಕ್ಸ್ ಬಾಡಿಯಲ್ಲಿರುವುದಕ್ಕೆ ಎಸ್‌ಆರ್. ಈ ಎರಡು ಅಕ್ಷರ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಂಗಡಿಯವರ ಬಾಯಿಮಾತು ಬೇಡ, ಕಣ್ಣಾರೆ ಓದಿ.

ಎರಡಕ್ಷರಕ್ಕೆ ಇಷ್ಟೊಂದು ಒತ್ತು ಏಕೆ?

ನಾನು ಮೊದಲು ಕೊಂಡದ್ದು ಎರಡು ಲೆನ್ಸಿನ ಕಿಟ್. ಅಂಗಡಿ ಯಾವುದು, ಕಂಪನಿ ಯಾವುದು ಎಂಬುದು ಇರಲಿ. ಬ್ಯಾಗ್ ಉಚಿತ, ಮೆಮೊರಿ ಕಾರ್ಡ್ ಉಚಿತ. ಆ ಸಂಭ್ರಮದಲ್ಲಿ ಚಿಕ್ಕ ಲೆನ್ಸಿನ ಮೇಲಿದ್ದ ಎರಡಕ್ಷರ ದೊಡ್ಡ ಲೆನ್ಸಿನ ಮೇಲೆ ಇಲ್ಲವೆಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮರುವಾರವೇ ರಂಗನತಿಟ್ಟಿಗೆ ಹೋದೆ. ದೋಣಿಯಿಂದ ಎರಡು ನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಬಣ್ಣದ ಕೊಕ್ಕರೆಗಳೆಲ್ಲ ನೀರಿನಲ್ಲಿ ನೆನೆದ ಜಲವರ್ಣದಂತಿದ್ದವು. ಬಂಡೆಯ ಮೇಲೆ ಕಲ್ಲಿನಂತೆ ಮಲಗಿದ್ದ ಮೊಸಳೆಯೂ ಮಸುಕು! ಮೊಸಳೆ ಅಲುಗಿರಲಿಲ್ಲ, ಅದು ನಿಶ್ಚಯ. ಅಲುಗಿದ್ದು ನಾನು.

ಇಂತಹ ಜೋಡಿ ಇಂದಿಗೂ ಇದೆ. ಕ್ಯಾನನ್‌ನ ಅಗ್ಗದ 75-300 ಮಿ.ಮೀ. ಮೂರನೆಯ ಆವೃತ್ತಿಯಲ್ಲಿ ಐಎಸ್ ಇಲ್ಲ, 55-250 ಮಿ.ಮೀ. ಲೆನ್ಸಿನಲ್ಲಿ ಇದೆ. 300 ಎಂಬುದು 250ಕ್ಕಿಂತ ದೊಡ್ಡದು ಎಂಬ ಒಂದೇ ಕಾರಣಕ್ಕೆ ಮೊದಲನೆಯದನ್ನು ಕೊಳ್ಳುವವರಿದ್ದಾರೆ. ನನ್ನನ್ನು ಕೇಳಿದರೆ 50 ಮಿ.ಮೀ. ಬಿಟ್ಟುಕೊಟ್ಟು ಐಎಸ್ ಪಡೆಯಿರಿ, ಎರಡನೆಯ ಯೋಚನೆ ಬೇಡ. ನಿಕಾನ್‌ನ ಎಎಫ್-ಪಿ ಸರಣಿಯ 70-300 ಮಿ.ಮೀ. ಡಿಎಕ್ಸ್ ಲೆನ್ಸು ವಿಆರ್ ಇರುವುದು, ಇಲ್ಲದ್ದು ಎಂದು ಎರಡು ರೂಪಗಳಲ್ಲಿ ಬಂದಿದೆ. ನೋಡಲು ಅವಳಿ ಮಕ್ಕಳಂತೆ. ಅದೇ ಸರಣಿಯ 18-55 ಮಿ.ಮೀ. ಕಥೆಯೂ ಹಾಗೆಯೇ. ಇನ್ನೊಂದು ಎಚ್ಚರಿಕೆ: ಡಿ3100, ಡಿ5100 ಮುಂತಾದ ಹಳೆಯ ನಿಕಾನ್ ಬಾಡಿಗಳಲ್ಲಿ ಈ ಎಎಫ್-ಪಿ ಲೆನ್ಸುಗಳು ಫೋಕಸ್ಸೇ ಮಾಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಬಾಡಿ ಒಬ್ಬರಿಂದ, ಲೆನ್ಸ್ ಇನ್ನೊಬ್ಬರಿಂದ ಕೊಳ್ಳುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

"ನಾಲ್ಕು ಸ್ಟಾಪ್ ಸ್ಟೆಬಿಲೈಸೇಶನ್" ಎಂದರೆ?

ಒಂದು ಸ್ಟಾಪ್ ಎಂದರೆ ಒಳಬರುವ ಬೆಳಕು ಎರಡರಷ್ಟಾಗುವುದು; ಇಲ್ಲಿ ಶಟರ್ ತೆರೆದಿರುವ ಹೊತ್ತು ಎರಡರಷ್ಟಾಗುವುದು. 1/500ರಿಂದ ಆರಂಭಿಸಿ: 1/250 ಒಂದು, 1/125 ಎರಡು, 1/60 ಮೂರು, 1/30 ನಾಲ್ಕು. ಅಂದರೆ 300 ಮಿ.ಮೀ. ಲೆನ್ಸಿಗೆ 1/500 ಬೇಕಾಗಿದ್ದ ಕಡೆ 1/30ರಲ್ಲೂ ಚಿತ್ರ ಸಿಗಬಹುದು ಎಂಬ ಲೆಕ್ಕ.

ಸಿಗಬಹುದು ಎಂಬುದಕ್ಕೆ ಗೆರೆ ಎಳೆಯಿರಿ. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಪಾ ಈ ಅಳತೆಗೆ 2012ರಲ್ಲಿ ಒಂದು ಮಾನದಂಡ ಮಾಡಿತು. ಕ್ಯಾಮೆರಾವನ್ನು ಕಂಪಿಸುವ ಯಂತ್ರದ ಮೇಲೆ ಕೂರಿಸಿ ಪರೀಕ್ಷಿಸುತ್ತಾರೆ. ಆ ಯಂತ್ರ ಬೆಟ್ಟ ಹತ್ತಿ ಏದುಸಿರು ಬಿಡುತ್ತಿರುವುದಿಲ್ಲ. ಪೆಟ್ಟಿಗೆಯ ಮೇಲೆ ನಾಲ್ಕು ಎಂದಿದ್ದರೆ ನಾನು ಮೂರು ಎಂದುಕೊಳ್ಳುತ್ತೇನೆ, ಮತ್ತು ಒಂದರ ಬದಲು ನಾಲ್ಕೈದು ಚಿತ್ರ ತೆಗೆದುಕೊಳ್ಳುತ್ತೇನೆ.

ಸ್ಟೆಬಿಲೈಸೇಶನ್ ಆನ್ ಇದ್ದರೂ ಯಕ್ಷಗಾನದ ಚಿತ್ರಗಳೆಲ್ಲ ಮಸುಕಾಗಿವೆ. ಲೆನ್ಸ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಆ ಚಿತ್ರವನ್ನೇ ಹಿಗ್ಗಿಸಿ ನೋಡಿ. ಹಿಂದೆ ಕುಳಿತ ಭಾಗವತರ ಮುಂಡಾಸಿನ ಮಡಿಕೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿವೆಯೇ? ಹಾಗಿದ್ದರೆ ಲೆನ್ಸ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆ. ದಿಗಿಣ ಹಾಕುತ್ತಿರುವ ವೇಷಧಾರಿ ಮಾತ್ರ ಮಸುಕಾಗಿದ್ದರೆ ಅದು ಅವರ ಚಲನೆ, ನಿಮ್ಮ ಕೈಯ ಚಲನೆಯಲ್ಲ. ಲೆನ್ಸು ನಿಮ್ಮ ಕೈಯನ್ನು ಹಿಡಿದು ನಿಲ್ಲಿಸಬಲ್ಲದು, ರಂಗದ ಮೇಲಿನ ಮಹಿಷಾಸುರನನ್ನು ನಿಲ್ಲಿಸಲಾರದು.

ಅಲ್ಲಿ ಬೇಕಾದದ್ದು ವೇಗದ ಶಟರ್, ಕನಿಷ್ಠ 1/250. ಅದಕ್ಕೆ ದೊಡ್ಡ ಅಪರ್ಚರ್ (ಬೆಳಕು ಒಳಬರುವ ರಂಧ್ರ; ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಇದು ದೊಡ್ಡದು) ಇರುವ ಲೆನ್ಸ್ ಬೇಕು, ಇಲ್ಲವೇ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ; ಏರಿಸಿದಷ್ಟೂ ಚಿತ್ರ ಮರಳುಮರಳಾಗುತ್ತದೆ) ಏರಿಸಬೇಕು. ಓಡಾಡುವ ಮಗು, ಕಬಡ್ಡಿ, ಹಾರುವ ಹಕ್ಕಿ ಎಲ್ಲಕ್ಕೂ ಇದೇ ಮಾತು. ಮನೆಯಲ್ಲಿ ಮಕ್ಕಳ ಚಿತ್ರ ತೆಗೆಯುವುದೇ ಮುಖ್ಯ ಉದ್ದೇಶವಾದರೆ 50 ಮಿ.ಮೀ. ಎಫ್/1.8 ಅಥವಾ ನಿಕಾನ್‌ನ 35 ಮಿ.ಮೀ. ಎಫ್/1.8 ತೆಗೆದುಕೊಳ್ಳಿ. ಎರಡರಲ್ಲೂ ಸ್ಟೆಬಿಲೈಸೇಶನ್ ಇಲ್ಲ, ಅದರ ಕೊರತೆಯೂ ಅಷ್ಟಾಗಿ ಕಾಡುವುದಿಲ್ಲ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಮೂರು ಸ್ಟಾಪಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಆ ಬೆಳಕು ನಿಮ್ಮ ಕೈಯ ನಡುಕವನ್ನೂ ಮಗುವಿನ ಓಟವನ್ನೂ ಒಟ್ಟಿಗೆ ತಡೆಯುತ್ತದೆ.

ಹಾಗಾದರೆ ಸ್ಟೆಬಿಲೈಸೇಶನ್ ನಿಜವಾಗಿ ಉಪಯೋಗಕ್ಕೆ ಬರುವುದು ಎಲ್ಲಿ?

ವಸ್ತು ಅಲುಗುವುದಿಲ್ಲ, ಬೆಳಕು ಕಡಿಮೆ ಇದೆ, ಕ್ಯಾಮೆರಾ ಕೈಯಲ್ಲೇ ಇರಬೇಕು: ಈ ಮೂರೂ ಸೇರಿದ ಕಡೆ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗಕ್ಕೆ ಹೋಗಿ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಕಂಬಗಳು ಒಂಬತ್ತು ನೂರು ವರ್ಷಗಳಿಂದ ಅಲುಗಿಲ್ಲ, ಇವತ್ತೂ ಅಲುಗುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. 18 ಮಿ.ಮೀ.ನಲ್ಲಿ ಬರಿಗೈಯಲ್ಲಿ ಸಾಮಾನ್ಯವಾಗಿ 1/30 ಬೇಕಾದಲ್ಲಿ, ಒಳ್ಳೆಯ ಐಎಸ್ ಅಥವಾ ವಿಆರ್ ಇದ್ದರೆ 1/4 ಸೆಕೆಂಡಿನಲ್ಲೂ ಕಂಬದ ಉಂಗುರಗಳ ಅಂಚು ಚೂಪಾಗಿ ಬರುತ್ತದೆ. ಐಎಸ್‌ಒ 400ರಲ್ಲೇ ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ 3200ಕ್ಕೆ ಏರಿಸಿ ಕಲ್ಲಿನ ಮೇಲೆ ಇಲ್ಲದ ಮರಳನ್ನು ಎರಚಬೇಕಾಗುತ್ತಿತ್ತು. ದಸರೆಯ ದೀಪಾಲಂಕಾರದಲ್ಲಿ ಮೈಸೂರು ಅರಮನೆಯೂ ಹೀಗೆಯೇ. ಅಲ್ಲಂತೂ ಜನಜಂಗುಳಿಯ ನಡುವೆ ಟ್ರೈಪಾಡ್ ಬಿಚ್ಚಲು ಜಾಗವೇ ಇರುವುದಿಲ್ಲ.

ದೋಣಿ, ಸಫಾರಿ ಜೀಪು?

ಲೆನ್ಸಿನಲ್ಲಿ "ಆ್ಯಕ್ಟಿವ್" ಎಂಬ ಆಯ್ಕೆ ಇದ್ದರೆ (ನಿಕಾನ್‌ನ ಕೆಲವು ಲೆನ್ಸುಗಳಲ್ಲಿದೆ) ವಾಹನದಲ್ಲಿರುವಾಗ ಅದನ್ನು ಬಳಸಿ. ನಿಂತ ಜೀಪಿನ ಎಂಜಿನ್ ಚಾಲೂ ಇದ್ದರೆ ಆ ಗಡಗಡದ ಎದುರು ಯಾವ ಸ್ಟೆಬಿಲೈಸೇಶನ್ನೂ ಪೂರ್ತಿ ಗೆಲ್ಲುವುದಿಲ್ಲ. ಹುಲಿ ಕಂಡಾಗ ಚಾಲಕರಿಗೆ ಎಂಜಿನ್ ನಿಲ್ಲಿಸಲು ಸನ್ನೆ ಮಾಡುವುದೇ ದೊಡ್ಡ ಸ್ಟೆಬಿಲೈಸೇಶನ್. ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ, ಅದರಲ್ಲಿ ಎರಡು ಸೇರು ರಾಗಿ ತುಂಬಿ ಹೊಲಿದುಕೊಂಡು ಹೋಗಿ. ಜೀಪಿನ ಕಂಬಿಯ ಮೇಲೆ ಇಟ್ಟು ಲೆನ್ಸನ್ನು ಒರಗಿಸಿದರೆ ಅಂಗಡಿಯಲ್ಲಿ ಸಿಗುವ ಬೀನ್ ಬ್ಯಾಗಿಗೆ ಯಾವುದರಲ್ಲೂ ಕಡಿಮೆಯಿಲ್ಲ.

ಕಂಬಳದ ಕೋಣಗಳನ್ನು ಹಿಂಬಾಲಿಸಿ ತೆಗೆಯುವಾಗ ಆಫ್ ಮಾಡಬೇಕೇ?

ಕೋಣಗಳ ಜೊತೆ ಕ್ಯಾಮೆರಾವನ್ನೂ ತಿರುಗಿಸುತ್ತಾ 1/60 ಸೆಕೆಂಡಿನಲ್ಲಿ ತೆಗೆದರೆ ಕೋಣಗಳು ಸ್ಪಷ್ಟವಾಗಿ, ಹಿಂದಿನ ಜನ ಗೆರೆಗಳಾಗಿ ಬರುತ್ತಾರೆ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಲೆನ್ಸು ಪೆದ್ದುಪೆದ್ದಾಗಿ ಈ ತಿರುಗುವಿಕೆಯನ್ನೂ ನಡುಕವೆಂದು ತಿಳಿದು ತಡೆಯಲು ಹೋದರೆ ಕೆಲಸ ಕೆಡುತ್ತದೆ. ಕ್ಯಾನನ್‌ನ ಕೆಲವು ಲೆನ್ಸುಗಳಲ್ಲಿ ಇದಕ್ಕೆಂದೇ "ಮೋಡ್ 2" ಇದೆ. ಅದು ಮೇಲೆ ಕೆಳಗಿನ ಅಲುಗಾಟವನ್ನು ಮಾತ್ರ ತಡೆಯುತ್ತದೆ. ನಿಕಾನ್ ಲೆನ್ಸುಗಳು "ನಾರ್ಮಲ್"ನಲ್ಲಿ ಪ್ಯಾನಿಂಗನ್ನು ತಾವೇ ಗುರುತಿಸುತ್ತವೆ. ಎರಡೂ ಇಲ್ಲದಿದ್ದರೆ ಆಫ್ ಮಾಡಿ ನೋಡಿ. ಕೆಸರು ಸಿಡಿಯದಂತೆ ಹೊದಿಕೆ ಹೊದಿಸುವುದನ್ನು ಮಾತ್ರ ಮರೆಯಬೇಡಿ. ಕ್ಯಾಮೆರಾಗೆ ಹೊದಿಸುವ ಪ್ಲಾಸ್ಟಿಕ್ ಚೀಲದ ಬಗ್ಗೆ ಹೇಳುತ್ತಿದ್ದೇನೆ.

ಟ್ರೈಪಾಡ್ ಮೇಲಿಟ್ಟಾಗ?

ಆಫ್ ಮಾಡಿ. ಕೆಲವು ಹೊಸ ಲೆನ್ಸುಗಳು ಟ್ರೈಪಾಡನ್ನು ತಾವೇ ಗುರುತಿಸುತ್ತವೆ. ಹಳೆಯವು ಇಲ್ಲದ ನಡುಕವನ್ನು ಹುಡುಕುತ್ತಾ ತಾವೇ ಅಲುಗಿ ಚಿತ್ರ ಕೆಡಿಸುವುದುಂಟು. ಆಮೇಲೆ ಮತ್ತೆ ಆನ್ ಮಾಡುವುದನ್ನು ಮರೆಯುವುದು ಎಲ್ಲರ ಅನುಭವ.

ಹೂವು, ಕೀಟಗಳನ್ನು ತೀರಾ ಹತ್ತಿರದಿಂದ ತೆಗೆಯಲು?

ಹತ್ತಿರ ಹೋದಷ್ಟೂ ಇದರ ಶಕ್ತಿ ಕುಗ್ಗುತ್ತದೆ. ಸಾಮಾನ್ಯ ಲೆನ್ಸುಗಳು ಕ್ಯಾಮೆರಾ ವಾಲುವುದನ್ನು ಮಾತ್ರ ತಿಳಿಯುತ್ತವೆ. ತೀರಾ ಹತ್ತಿರದಲ್ಲಿ ಇಡೀ ಕ್ಯಾಮೆರಾ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಜರುಗುವುದೇ ದೊಡ್ಡ ತೊಂದರೆ. ಕ್ಯಾನನ್ 2009ರಲ್ಲಿ ತಂದ 100 ಮಿ.ಮೀ. ಮ್ಯಾಕ್ರೋ ಲೆನ್ಸ್ ಎರಡನ್ನೂ ಅಳೆಯುತ್ತದೆ, ಆದರೆ ಅದು ಮೊದಲ ಲೆನ್ಸಾಗಿ ಕೊಳ್ಳುವಂಥದ್ದಲ್ಲ. ಗಾಳಿಗೆ ಹೂವು ಅಲುಗಿದರೆ ಅದಕ್ಕೂ ಮದ್ದಿಲ್ಲ.

ವಿಡಿಯೊದಲ್ಲಿ "ಡಿಜಿಟಲ್ ಐಎಸ್" ಎಂದಿದೆ. ಅದೇ ಇದೇ?

ಅಲ್ಲ. ಅದು ಚಿತ್ರದ ಅಂಚುಗಳನ್ನು ಕತ್ತರಿಸಿ, ಉಳಿದದ್ದನ್ನು ಅತ್ತಿತ್ತ ಸರಿಸಿ ಜೋಡಿಸುವ ಲೆಕ್ಕಾಚಾರ. ದೃಶ್ಯ ಸ್ವಲ್ಪ ಕಿರಿದಾಗುತ್ತದೆ. ಸ್ಥಿರಚಿತ್ರಕ್ಕೆ ಉಪಯೋಗವಿಲ್ಲ.

ಬ್ಯಾಟರಿ ಬೇಗ ಮುಗಿಯುವುದೇ?

ಸ್ವಲ್ಪ. ಅದಕ್ಕಾಗಿ ಆಫ್ ಮಾಡಿಡಬೇಕಾದಷ್ಟಲ್ಲ.

ಸೆಕೆಂಡ್ ಹ್ಯಾಂಡ್ ಲೆನ್ಸಿನಲ್ಲಿ ಇದು ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಕ್ಯಾಮೆರಾಗೆ ಹಾಕಿ, ಝೂಮನ್ನು ತುದಿಗೆ ಎಳೆದು, ರಸ್ತೆಯಾಚೆಯ ಯಾವುದಾದರೂ ಫಲಕವನ್ನು ಕಿಂಡಿಯಲ್ಲಿ ನೋಡಿ. ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿಯಿರಿ. ಸಣ್ಣದೊಂದು ಗುಯ್ಗುಟ್ಟುವ ಸದ್ದು ಬಂದು, ಅರ್ಧ ಸೆಕೆಂಡು ಒಂದು ಸೆಕೆಂಡಿನಲ್ಲಿ ಕುಣಿಯುತ್ತಿದ್ದ ಅಕ್ಷರಗಳು ಎಣ್ಣೆಯಲ್ಲಿ ತೇಲುವಂತೆ ನಿಧಾನವಾಗಬೇಕು. ಅಕ್ಷರಗಳು ಎಗರಿದರೆ, ಒಂದು ಮೂಲೆಗೆ ಜಾರಿ ನಿಂತರೆ, ಕೈಮುಗಿದು ಲೆನ್ಸನ್ನು ವಾಪಸ್ ಕೊಟ್ಟು ಬನ್ನಿ. ಒಳಗಿನ ಈ ಭಾಗವನ್ನು ಸರಿಮಾಡಿಸುವ ಖರ್ಚು ಹಲವು ಸಲ ಲೆನ್ಸಿನ ಬೆಲೆಯನ್ನೇ ಮುಟ್ಟುತ್ತದೆ. ಕ್ಯಾಮೆರಾ ಆಫ್ ಇರುವಾಗ ಲೆನ್ಸು ಒಳಗೆ ಸ್ವಲ್ಪ ಲೊಟಲೊಟ ಎಂದರೆ ಗಾಬರಿ ಬೇಡ, ತೇಲುವ ಗಾಜಿನ ಸಹಜ ಸದ್ದು ಅದು.

ಇದರಲ್ಲೇ ಬಳಕೆಯ ಪಾಠವೂ ಇದೆ. ಗುಂಡಿಯನ್ನು ಒಮ್ಮೆಲೇ ಒತ್ತಿಬಿಡುವವರಿಗೆ ಸ್ಟೆಬಿಲೈಸೇಶನ್ನಿನ ಪೂರ್ಣ ಲಾಭ ಸಿಗುವುದಿಲ್ಲ. ಅರ್ಧ ಒತ್ತಿ, ದೃಶ್ಯ ನಿಲ್ಲುವುದನ್ನು ಕಂಡು, ಆಮೇಲೆ ಪೂರ್ತಿ ಒತ್ತಿ.

ಈಗ ಮಿರರ್‌ಲೆಸ್ ಕಾಲ. ಡಿಎಸ್‌ಎಲ್‌ಆರ್ ಕೊಳ್ಳಬೇಕೇ?

ಹಣವಿದ್ದರೆ ಮಿರರ್‌ಲೆಸ್, ಅಂದರೆ ಡಿಎಸ್‌ಎಲ್‌ಆರ್‌ನಂತೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ಕೊಳ್ಳಿ. ನಿಕಾನ್ 2018ರಲ್ಲಿ, ಕ್ಯಾನನ್ 2020ರಲ್ಲಿ ಸೆನ್ಸರ್ ಅಲುಗುವ ಮಿರರ್‌ಲೆಸ್ ಬಾಡಿಗಳನ್ನು ತಂದವು. ಆದರೆ ಮಿರರ್‌ಲೆಸ್ ಎಂದ ಮಾತ್ರಕ್ಕೆ ಅದು ಇರುತ್ತದೆ ಎಂದುಕೊಳ್ಳಬೇಡಿ. ಕಡಿಮೆ ಬೆಲೆಯ ಹಲವು ಬಾಡಿಗಳಲ್ಲಿ ಇಲ್ಲ, ಅಲ್ಲೂ ಲೆನ್ಸಿನ ಅಕ್ಷರಗಳನ್ನೇ ಓದಬೇಕು. ಕಲಿಯಲೆಂದು ಕೊಳ್ಳುವವರಿಗೆ ಒಳ್ಳೆಯ ಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಇಂದಿಗೂ ಸಾಕು. ಉಳಿದ ಹಣದಲ್ಲಿ ಐಎಸ್ ಅಥವಾ ವಿಆರ್ ಇರುವ ಟೆಲಿ ಲೆನ್ಸ್ ತೆಗೆದುಕೊಳ್ಳಬಹುದು.

ನನ್ನ ಲೆನ್ಸಿನಲ್ಲಿ ಇದು ಇಲ್ಲ. ಈಗೇನು ಮಾಡಲಿ?

ಮೊಣಕೈಗಳನ್ನು ಪಕ್ಕೆಗೆ ಒತ್ತಿ. ಎಡಗೈ ಲೆನ್ಸಿನ ಅಡಿಯಲ್ಲಿರಲಿ, ಬದಿಯಲ್ಲಲ್ಲ. ಬಾಗಿಲ ಚೌಕಟ್ಟು, ಮರ, ಕಂಬ, ಏನು ಸಿಕ್ಕರೂ ಭುಜ ಒರಗಿಸಿ. ಉಸಿರನ್ನು ಅರ್ಧ ಬಿಟ್ಟು ಒತ್ತಿ. ಒಂದರ ಬದಲು ಮೂರು ನಾಲ್ಕು ಚಿತ್ರಗಳನ್ನು ಸಾಲಾಗಿ ತೆಗೆದರೆ ನಡುವಿನದು ಹೆಚ್ಚಾಗಿ ಸ್ಪಷ್ಟವಾಗಿರುತ್ತದೆ, ಏಕೆಂದರೆ ಬೆರಳು ಒತ್ತುವ ಧಕ್ಕೆ ಮೊದಲನೆಯದಕ್ಕೇ ಮುಗಿದಿರುತ್ತದೆ. ಐಎಸ್‌ಒ ಏರಿಸಲು ಹೆದರಬೇಡಿ. ಸ್ವಲ್ಪ ಮರಳುಮರಳಾದ ಚಿತ್ರವನ್ನು ಅಪ್ಪ ಅಮ್ಮ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ, ಮಸುಕಾದದ್ದನ್ನು ಹಾಕುವುದಿಲ್ಲ.

ನನ್ನ ಕೈಗೆ ಎಷ್ಟು ಸ್ಟಾಪ್ ಸಿಗುತ್ತದೆ ಎಂದು ಮನೆಯಲ್ಲೇ ನೋಡಬಹುದೇ?

ನೋಡಬಹುದು, ನೋಡಲೇಬೇಕು. ಅಡುಗೆಮನೆಯ ಗೋಡೆಯಲ್ಲಿ ತೂಗುವ ತಿಂಗಳ ಕ್ಯಾಲೆಂಡರ್ ಇದಕ್ಕೆ ಹೇಳಿ ಮಾಡಿಸಿದ್ದು. ಅಂಕಿಗಳ ಕೆಳಗೆ ತಿಥಿ, ನಕ್ಷತ್ರ, ರಾಹುಕಾಲಗಳನ್ನು ಇರುವೆ ಸಾಲಿನಂತೆ ಅಚ್ಚು ಹಾಕಿರುತ್ತಾರಲ್ಲ, ಅದೇ ನಿಮ್ಮ ಪರೀಕ್ಷೆಯ ಹಾಳೆ. ಸಂಜೆಯ ದೀಪದಲ್ಲಿ ನಾಲ್ಕೈದು ಅಡಿ ದೂರ ನಿಂತು ಝೂಮನ್ನು 55ಕ್ಕೆ ಇಡಿ. ಶಟರ್ ವೇಗವನ್ನು 1/60ರಿಂದ ಆರಂಭಿಸಿ 1/30, 1/15, 1/8 ಎಂದು ಇಳಿಸುತ್ತಾ ಹೋಗಿ. ಪ್ರತಿ ವೇಗದಲ್ಲೂ ಆನ್ ಇಟ್ಟು ಹತ್ತು, ಆಫ್ ಮಾಡಿ ಹತ್ತು. ಆಮೇಲೆ ಹಿಗ್ಗಿಸಿ ನೋಡಿ: ಹತ್ತರಲ್ಲಿ ಏಳೆಂಟು ಚಿತ್ರಗಳಲ್ಲಿ ನಕ್ಷತ್ರದ ಹೆಸರು ಓದಲು ಬಂದರೆ ಆ ವೇಗ ನಿಮ್ಮದು. ಬೆಳಿಗ್ಗೆ ಕಾಫಿಗೆ ಮೊದಲು ಒಮ್ಮೆ, ಎರಡು ಲೋಟ ಕುಡಿದ ಮೇಲೆ ಒಮ್ಮೆ ಮಾಡಿ ನೋಡಿ. ನನಗೆ ಪೂರ್ತಿ ಒಂದು ಸ್ಟಾಪ್ ವ್ಯತ್ಯಾಸ ಬಂದಿತ್ತು.